ಹಲಗೆಯ ಮೇಲಿನ ಖಾಲಿ ಜಾಗ

"ಇದ್ನ ಬರ್ದದ್ದ್ ನೀವಾ?"

ಹಲಗೆಯೆದುರು ಕುಂಚ ಹಿಡಿದು ಕೂತಿದ್ದ ರತನ್ ತಲೆಯೆತ್ತಿದ. ಎದುರಿಗೆ ಶರಣ್ಯಾ... ಸಿಟ್ಟಿಗೆ ಮೂಗಿನ ತುದಿ ಕೆಂಪಗಾಗಿತ್ತು.

ವಂಡ್ಸೆ ಬಳಿಯ ಕೆರೆದಂಡೆಯಲ್ಲಿ ಅವಳ ಮನೆಯವರೇ ಕಟ್ಟಿದ ಐದು ಕಾಟೇಜುಗಳಿದ್ದವು. ಅವಕ್ಕೆ ಇಪ್ಪತ್ತು ವರ್ಷ ತುಂಬಿತೆಂದು ಚಿಕ್ಕಪ್ಪ ಅಶೋಕ್, ದೋಣಿ ಕಟ್ಟುವ ರತನ್‌ನನ್ನು ಹಂಗಾರಕಟ್ಟೆಯಿಂದ ಕರೆಸಿದ್ದ. ಪ್ರವಾಸಿಗರಿಗೊಂದು ದೋಣಿ, ಹೆಬ್ಬಾಗಿಲಿಗೊಂದು ಹೆಸರಿನ ಹಲಗೆ. ಹಲಗೆಯ ಕೆಳಗಡೆ ಚಿಕ್ಕಪ್ಪ ಬರೆಸಿದ್ದು: 'ಅಶೋಕ್ ಮತ್ತು ಬಚ್ಚ ಸಹೋದರರು ಕಟ್ಟಿದ್ದು.'

ಸಹೋದರರಂತೆ! ಚಿಕ್ಕಪ್ಪ ಮುಂಬೈ ಹೋಟೆಲಿನಿಂದ ಬಂದದ್ದೇ ಕೊನೆಯ ಕಾಟೇಜಿಗೆ ಹಂಚು ಹೊದಿಸುವಾಗ. ಅಪ್ಪ ಬಚ್ಚನ ಜೊತೆ ಕೆಂಪುಕಲ್ಲು ಹೊತ್ತದ್ದು ಅಮ್ಮ ವನಜ. ಗಾರೆ ಕಲಸಿದ್ದೂ ಅಮ್ಮ. ಮೊದಲ ಕಾಟೇಜಿನ ಜಗಲಿಯಲ್ಲಿ ಅವಳ ಅಂಗೈ ಗುರುತು ಇವತ್ತಿಗೂ ಇದೆ.

"ನನ್ನಮ್ಮನ ಹೆಸ್ರ್ ಎಲ್ಲಿತ್ತ್?"

ರತನ್ ಏನೋ ಹೇಳಲು ಹೊರಟ. ಅವಳು ಕೇಳಲು ನಿಲ್ಲಲೇ ಇಲ್ಲ.

ಮನೆಯಲ್ಲಿ ಕೇಳಿದರೆ ಅಪ್ಪ, ತಮ್ಮನೆದುರು ಮಾತಾಡಲಾಗದೆ ತಲೆ ಕೆರೆದುಕೊಂಡ. ಅಮ್ಮ, ತನಗೆಂತಕ್ಕೆ ಹೆಸರು ಎಂದು ನಕ್ಕು ದೋಸೆ ಎರೆದಳು. ಆದರೆ ಹಲಗೆಯ ಕಡೆಗೆ ಒಮ್ಮೆಯೂ ನೋಡಲಿಲ್ಲ. ಅದನ್ನು ಶರಣ್ಯಾ ಗಮನಿಸಿದಳು.

ಎರಡು ವಾರ ಅವಳು ರತನ್ ಜೊತೆ ಮಾತಾಡಲಿಲ್ಲ. ಹಲಗೆಯ ಮೇಲರ್ಧ ಖಾಲಿ ಬಿಟ್ಟಿದ್ದಾನೆ, ಕೆಲಸವೂ ನೆಟ್ಟಗಿಲ್ಲ ಎಂದು ಬೈದುಕೊಂಡಳು. ಆದರೂ ಅವನು ಅಮ್ಮನ ಕೈಯಿಂದ ಕೊಡಪಾನ ಇಸಕೊಳ್ಳುವುದು ಕಾಣಿಸುತ್ತಿತ್ತು. ಆ ಅಂಗೈ ಗುರುತಿನ ಪಕ್ಕ ಕೂತು ಅಮ್ಮನ ಹಳೆಯ ಕಥೆ ಕೇಳುವುದೂ ಕಾಣಿಸುತ್ತಿತ್ತು.

ಇಂಥವನ ಮೇಲೆ ಮನಸ್ಸಾಗುವುದಾ... ಛೆ! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ದೋಣಿ ಕೆರೆಗಿಳಿಯಿತು. ಒಳಗೆ ಒಂದು ಹನಿ ನೀರು ಬರಲಿಲ್ಲ. ರತನ್ ಹಲಗೆ ತಂದಿಟ್ಟು, ಕುಂಚವನ್ನು ವನಜಳ ಕೈಗೆ ಕೊಟ್ಟ.

"ನಮ್ಮಲ್ಲಿ ದೋಣಿ ಹೆಸ್ರ್ ಮೊದ್ಲೇ ಬರಿಯೂಕಿಲ್ಲೆ ಅಮ್ಮ. ದೋಣಿ ನೀರಿಗಿಳಿದ್ ಮೇಲೆ, ಮನೆಯವ್ರೇ ಬರೀಕ್. ಹಲ್ಗೆಯ ಮೇಲಿನ ಹೆಸ್ರಿಗೂ ಅದೇ ಕ್ರಮ. ಮೇಲಿನ ಜಾಗ ನಿಮ್ದೇ."

ಶರಣ್ಯಾ ಹಲಗೆಯತ್ತ ಬಾಗಿ ನೋಡಿದಳು. ಆ ಖಾಲಿ ಜಾಗ... ಅಮ್ಮನಿಗೆಂದೇ ಬಿಟ್ಟದ್ದಾ?

ತಾನು ಹಾಗೆ ಬರೆಸಲು ಹೇಳಿರಲಿಲ್ಲ ಎಂದು ಚಿಕ್ಕಪ್ಪ ಗೊಣಗಿದ. ಶರಣ್ಯಾ ಅವನ ಎದುರಿಗೇ ಬಂದು ನಿಂತಳು.

"ಚಿಕ್ಕಪ್ಪ, ಕಲ್ಲ್ ಹೊತ್ತದ್ದ್ ಯಾರ್? ಹೇಳಿ ಕಾಂಬ."

ಉತ್ತರ ಬಂದದ್ದು ಅಪ್ಪನಿಂದ.

"ಅವ್ಳೇ. ಅವ್ಳ್ ಬರಿಲಿ."

ವನಜ ಕುಂಚವನ್ನು ಬಣ್ಣದಲ್ಲಿ ಅದ್ದಿ ಹೆಸರು ಬರೆಯತೊಡಗಿದಳು. 'ನ' ಸ್ವಲ್ಪ ಸೊಟ್ಟಗಾಯಿತು. ಬರೆದು ಮುಗಿಸಿ, ತನ್ನ ಹೆಸರನ್ನೇ ನೋಡುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸಂಜೆ ರತನ್ ಉಳಿ, ಸುತ್ತಿಗೆ ಚೀಲಕ್ಕೆ ತುಂಬುತ್ತಿದ್ದ. ಶರಣ್ಯಾ ಹತ್ತಿರ ಬಂದಳು.

"ಎರಡ್ ವಾರ ನನ್ ಸಿಟ್ಟ್ ತಡ್ಕಂಡ್ರಿ. ಒಂದ್ ಮಾತ್ ಹೇಳುಕಾಗ್ಲಿಲ್ಯಾ?"

"ಹೇಳಿರೆ ನಿಮ್ ಸಿಟ್ಟ್ ಇಳೀತಿತ್. ಅಮ್ಮನ ಪರವಾಗಿ ಸಿಟ್ಟ್ ಮಾಡುಕೆ ನಿಮ್ಮನ್ ಬಿಟ್ರೆ ಯಾರಿದ್ರ್ ಇಲ್ಲಿ?" ಅವನ ದನಿ ಸಣ್ಣಗಾಯಿತು. "ಆ ಸಿಟ್ಟ್ ಕಂಡೇ ನಂಗೆ ನಿಮ್ ಮೇಲೆ ಮನ್ಸಾದ್ದ್..."

ಅವಳ ಕಣ್ಣು ತುಂಬಿತು.

"ಮತ್ ಯಾವಾಗ ಬತ್ರಿ?"

"ನೀವ್ ಕರದ್ರೆ ನಾಳೆಯೇ ಬತ್ತೆ."

"ಬನ್ನಿ. ನಂಗೆ ಸಿಟ್ಟ್ ಇನ್ನೂ ಪೂರಾ ಇಳೀಲಿಲ್ಲೆ."