ಸರಿ ಅನ್ನುವವರೆಗೆ

ಶುರುವಾದದ್ದೇ ಜಗಳದಿಂದ. ಮೂರು ವರ್ಷದ ಹಿಂದೆ, ಫೋನಿನಲ್ಲಿ.

"ಬರೀ ಆಯ್ತು ಅಂದ್ರೆ ಆಗಲ್ಲ ರೀ. ನಾನು ಹೇಳಿದ್ದನ್ನ ಹಾಗೇ ತಿರುಗಿ ಹೇಳ್ಬೇಕು. ನಾನು ಸರಿ ಅಂದ್ಮೇಲೇ ಸ್ವಿಚ್ಚಿಗೆ ಕೈ ಹಾಕ್ಬೇಕು. ಗೊತ್ತಾಯ್ತಾ?"

"ಬರೀ ಆಯ್ತು ಅಂದ್ರೆ ಆಗಲ್ಲ, ಹೇಳಿದ್ದನ್ನ ಹಾಗೇ ತಿರುಗಿ ಹೇಳ್ಬೇಕು, ನೀವು ಸರಿ ಅಂದ್ಮೇಲೇ ಸ್ವಿಚ್ಚಿಗೆ ಕೈ. ಗೊತ್ತಾಯ್ತು ಮೇಡಂ."

ಅವಳಿಗೆ ಮೈಯೆಲ್ಲ ಉರಿಯಿತು. ಫೋನಿಟ್ಟ ಮೇಲೆ ನಗುವೂ ಬಂತು.

ಅವಳು ವಿದ್ಯುತ್ ಜಾಲ ಕಾಯುವ ಕಂಟ್ರೋಲ್ ರೂಮಿನ ಎಂಜಿನಿಯರ್. ಅವನು ನಲವತ್ತು ಕಿಲೋಮೀಟರ್ ಆಚೆಯ ಸಬ್‌ಸ್ಟೇಷನ್ನಿನ ಆಪರೇಟರ್. ಇವತ್ತಿನವರೆಗೂ ಮುಖ ನೋಡಿದವಳಲ್ಲ. ದಿನಾ ಒಂದೂವರೆಗೆ ಅವನು ವೋಲ್ಟೇಜ್ ಓದಿ ಹೇಳುವಾಗ ಹಿಂದೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿರುತ್ತದೆ, ಊಟದ ಡಬ್ಬಿ ತೆರೆದ ಸದ್ದಾಗುತ್ತದೆ. ಆ ಸದ್ದು ಕೇಳಿಯೇ ಇವಳೂ ತನ್ನ ಡಬ್ಬಿ ತೆರೆಯುತ್ತಾಳೆ.

ಬಾಡಿಗೆ ಕೋಣೆಗೆ ಹೋದರೆ ಮಾತಿಗೊಂದು ನರಪಿಳ್ಳೆಯಿಲ್ಲ. ಭಾನುವಾರ ಅತ್ತಿಗೆ ಫೋನ್ ಮಾಡಿ, "ಮನಸ್ಸಲ್ಲಿ ಯಾರಾದ್ರೂ ಇದ್ದಾರೇನೇ?" ಎಂದರೆ, "ಯಾರೂ ಇಲ್ಲ ಅತ್ತಿಗೆ" ಎನ್ನುತ್ತಾಳೆ. ಒಂದು ದನಿ ಇದೆ ಎಂದು ಹೇಳುವುದಾದರೂ ಹೇಗೆ?

ಆ ದನಿಯೂ ಇವತ್ತಿಗೆ ಮುಗಿಯಿತು. ನಾಳೆಯಿಂದ ಅಲ್ಲಿನ ಸ್ವಿಚ್ಚುಗಳನ್ನು ಇಲ್ಲಿಂದಲೇ ಮೌಸ್ ಒತ್ತಿ ನಡೆಸಬಹುದು. ಅವನಿಗೆ ಬೇರೆ ಊರಿಗೆ ವರ್ಗ. "ನಿಂಗೆ ಆರಾಮಾಯ್ತು ಬಿಡಮ್ಮ," ಎಂದರು ಪಕ್ಕದ ಸೀಟಿನ ಹಿರಿಯರು. ಅವಳು ಹೂಂ ಅಂದಳು.

ಎರಡೂ ಮುಕ್ಕಾಲಿಗೆ, ಉರಿಬಿಸಿಲಿಗೆ ಊರಿನ ಏಸಿಗಳೆಲ್ಲ ಓಡುತ್ತಿದ್ದಾಗ, ದೊಡ್ಡ ಲೈನೊಂದು ಟ್ರಿಪ್ ಆಯಿತು. ಇನ್ನೂರ ಇಪ್ಪತ್ತು ಕಿಲೋವೋಲ್ಟ್ ಇರಬೇಕಾದ ವೋಲ್ಟೇಜ್ ಇನ್ನೂರ ನಾಲ್ಕಕ್ಕೆ ಜಾರಿತು. ಅದನ್ನು ಎತ್ತಿ ಹಿಡಿಯುವ ಕೆಪಾಸಿಟರುಗಳೆಲ್ಲ ಆಗಲೇ ಆನ್ ಆಗಿದ್ದವು. ನೂರ ತೊಂಬತ್ತೆಂಟು. ಇನ್ನಷ್ಟು ಇಳಿದರೆ ಒಂದರ ಹಿಂದೊಂದು ಲೈನು ಬಿದ್ದು ಇಡೀ ಜಾಲವೇ ಕುಸಿಯುತ್ತದೆ. ಆಸ್ಪತ್ರೆ, ರೈಲು, ನೀರಿನ ಪಂಪು, ಎಲ್ಲ ನಿಲ್ಲುತ್ತವೆ.

ಅವಳು ಫೋನೆತ್ತಿದಳು. "ಮೂರನೇ ಫೀಡರ್, ಐದನೇ ಫೀಡರ್ ಆಫ್ ಮಾಡಿ."

"ಮೂರನೇ ಫೀಡರ್, ಐದನೇ ಫೀಡರ್ ಆಫ್ ಮಾಡ್ತೀನಿ."

"ಸರಿ."

ಆ ಫೀಡರುಗಳಿಂದ ಕರೆಂಟು ಹೋಗುವ ಎರಡು ಬಡಾವಣೆಗಳ ಫ್ಯಾನುಗಳು ನಿಂತವು, ಜಾಲದ ಹೊರೆ ಇಳಿಯಿತು. ಇನ್ನೂರ ಐದು. ಇನ್ನೂರ ಹನ್ನೊಂದು. ಸದ್ಯ, ಉಳಿದೆವು! ಅರ್ಧ ಗಂಟೆಯಲ್ಲಿ ಲೈನು ವಾಪಸ್ ಬಂತು. ಎರಡೂ ಫೀಡರನ್ನು ಅವನ ಕೈಯಲ್ಲೇ ಮತ್ತೆ ಆನ್ ಮಾಡಿಸಿದಳು.

"ಈಗಲಾದ್ರೂ ನೀರು ಕುಡೀರಿ ಮೇಡಂ. ಗಂಟಲು ಒಣಗಿದೆ ನಿಮ್ದು."

"ರೆಕಾರ್ಡ್ ಆಗ್ತಿದೆ ರೀ."

"ಆಗ್ಲಿ ಬಿಡಿ. ನಾಳೆಯಿಂದ ರೆಕಾರ್ಡ್ ಮಾಡೋಕೆ ಏನಿದೆ?"

ಅವಳಿಗೆ ದುಃಖ ಉಮ್ಮಳಿಸಿ ಬಂತು. ನಾಳೆ ಒಂದೂವರೆಗೆ ಡಬ್ಬಿಯ ಸದ್ದಿಲ್ಲ. ಪಕ್ಕದವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ನಾಚಿಕೆ ಹಾಳಾಗಿ ಹೋಗಲಿ ಎಂದುಕೊಂಡಳು.

"ಇನ್ನೊಂದು ಸೂಚನೆ ಇದೆ. ಸಂಜೆ ಏಳಕ್ಕೆ ನಮ್ಮ ಆಫೀಸಿನ ಗೇಟಿಗೆ ಬನ್ನಿ. ನೀವಿಲ್ದೆ ನಂಗೆ ಊಟ ಸೇರಲ್ಲ."

ಆ ಕಡೆ ಬರೀ ಗುಂಯ್. ಅಯ್ಯೋ, ಕೆಟ್ಟೆ ಎಂದು ಕಣ್ಣು ಮುಚ್ಚಿಕೊಂಡಳು.

"ಸಂಜೆ ಏಳಕ್ಕೆ ನಿಮ್ಮ ಆಫೀಸಿನ ಗೇಟಿಗೆ ಬರ್ತೀನಿ," ನಿಧಾನವಾಗಿ ಬಂತು ದನಿ. "ನೀವಿಲ್ದೆ ನಂಗೂ ಊಟ ಸೇರಲ್ಲ."

ಕಣ್ಣು ತುಂಬಿ ತೆರೆಯ ಮೇಲಿನ ಅಂಕಿಗಳೆಲ್ಲ ಮಂಜಾದವು.

"ಮೇಡಂ? ನೀವು ಸರಿ ಅನ್ನದೆ ನಾನು ಇಲ್ಲಿಂದ ಅಲ್ಲಾಡೋ ಹಾಗಿಲ್ಲ. ನೀವೇ ಕಲಿಸಿದ್ದು."

"ಸರಿ," ಎಂದಳು.