ಸಣ್ಣವ್ವನ ಮನೆಗೆ ಬುತ್ತಿ

ರೊಟ್ಟಿ ನಡುವೆಯೇ ಹರಿಯಿತು. ಅರ್ಧ ಹಂಚಿನ ಮೇಲೆ ಉಳಿಯಿತು, ಇನ್ನರ್ಧ ಒಲೆಯ ಬೂದಿಗೆ ಬಿತ್ತು.

"ಇದು ಮೂರನೇದು!" ಎಂದಳು ಸೈರಾಬಾನು. "ಜ್ವಾಳ ಏನು ಮುಗಿಲಿಂದ ಉದರ್ತಾವೇನು? ಸರಿ ಅತ್ಲಾಗ. ನಾ ಬಡದು ಕೊಡ್ತೀನಿ, ನೀ ಒಯ್ದು ಕೊಡು."

"ಬ್ಯಾಡಮ್ಮಾ. ನಾನ ಬಡೀಬೇಕು."

"ಹಂಗಾರ ಕೇಳು. ಹಿಟ್ಟಿಗೆ ಮೊದಲ..."

"ಹೇಳಬ್ಯಾಡ! ನಾನ ಮಾಡ್ತೀನಿ."

ತಬಸ್ಸುಮ ಐದನೇ ತರಗತಿ ಓದುವ ಹುಡುಗಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು. ಮೂಗಿನ ತುದಿಗೆ ಹಿಟ್ಟು ಅಂಟಿತ್ತು, ಹೆಬ್ಬೆರಳು ಸುಟ್ಟಿತ್ತು. ಆದರೂ ಅವಳು ಮತ್ತೊಂದು ಉಂಡೆ ಹಿಡಿದಳು.

ಮುಶಿಗೇರಿಯಲ್ಲಿ ಅವರ ಎದುರು ಮನೆಯೇ ಸಣ್ಣವ್ವನದು. ಮೊನ್ನೆ ಸಂಜೆ ಸಣ್ಣವ್ವ ತೀರಿಕೊಂಡಳು. ಅವಳ ಮಗ ನೀಲಪ್ಪ, ಸೊಸೆ ಅನಿತಾ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಗೌಸುಸಾಬನ ಅಂಗಡಿಯ ಕಾಯಿನ್ ಫೋನಿನಿಂದ ಅವರಿಗೆ ಸುದ್ದಿ ಹೋಯಿತು. ರಾತ್ರಿಯ ಬಸ್ಸು ಹತ್ತಿ ಬಂದರು. ನಿನ್ನೆ ಮಧ್ಯಾಹ್ನ ಊರವರೆಲ್ಲ ಸೇರಿ ಮಣ್ಣು ಕೊಟ್ಟು ಬಂದರು.

ನೀಲಪ್ಪ, ಅನಿತಾರ ಮಗ ದ್ಯಾಮೇಶ ತಬಸ್ಸುಮಳದೇ ಕ್ಲಾಸು. ಅವನನ್ನು ಸಾಕಿದವಳು ಅಜ್ಜಿ ಸಣ್ಣವ್ವ. ಅವನು ಅವಳನ್ನು ಆಯಿ ಎನ್ನುತ್ತಿದ್ದ. ಅವನನ್ನು ನೋಡಿ ತಬಸ್ಸುಮಳೂ ಆಯಿ ಎನ್ನುತ್ತಿದ್ದಳು.

ಸಾವಾದ ಮನೆಯಲ್ಲಿ ದಿನಕರ್ಮ ಮುಗಿಯುವ ತನಕ ಒಲೆ ಹಚ್ಚುವುದಿಲ್ಲ. ಓಣಿಯವರೇ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಹೋದ ವರ್ಷ ತಬಸ್ಸುಮಳ ದಾದಾ, ಅಂದರೆ ಅಜ್ಜ ನಜೀರಸಾಬ ತೀರಿಕೊಂಡಾಗ ಇವರ ಮನೆಗೆ ಬುತ್ತಿ ತಂದವಳು ಸಣ್ಣವ್ವ. ಆಗ ತಬಸ್ಸುಮ ಜೋಳದ ಚೀಲಗಳ ಹಿಂದೆ ಹೊಕ್ಕು ಕೂತಿದ್ದಳು. ಯಾರು ಕರೆದರೂ ಹೊರಗೆ ಬರಲಿಲ್ಲ, ಏನು ಕೊಟ್ಟರೂ ಮುಟ್ಟಲಿಲ್ಲ. ಸಣ್ಣವ್ವ ಸುಮ್ಮನೆ ಚೀಲಗಳ ಪಕ್ಕದಲ್ಲಿ ಕಾಲು ಮಡಚಿ ಕೂತುಬಿಟ್ಟಳು.

"ನೀ ಉಣ್ಣೂತನಕ ನಾ ಏಳಂಗಿಲ್ಲ ನೋಡವಾ. ಮೊದಲ ನನ್ನ ಮೊಣಕಾಲು ಹಿಡದಾವು. ಲಗೂ ಉಂಡ್ರ ನಿಂಗೂ ಚಲೋ, ನಂಗೂ ಚಲೋ."

ಪಾಪ, ಮೊಣಕಾಲಿಗಾಗಿಯಾದರೂ ಉಣ್ಣಬೇಕಾಯಿತು. ಆ ರೊಟ್ಟಿ ಎಷ್ಟು ತೆಳ್ಳಗಿತ್ತು! ಅಳುತ್ತಲೇ ಉಂಡರೂ ಗಂಟಲಲ್ಲಿ ಇಳಿಯಿತು.

ಈಗ ಆ ಸಣ್ಣವ್ವನ ಮನೆಯ ಒಲೆಯೇ ಆರಿದೆ. ಬುತ್ತಿ ಒಯ್ಯುವುದಾದರೆ ಸ್ವಂತ ಕೈಯಿಂದ ಮಾಡಿದ್ದನ್ನೇ ಒಯ್ಯಬೇಕು ಎಂದು ತಬಸ್ಸುಮ ಹಟ ಹಿಡಿದಿದ್ದಳು.

ನಾಲ್ಕನೆಯ ರೊಟ್ಟಿ ಹರಿಯಲಿಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕರಕಲು. ಆದರೂ ಅದು ಇಡೀ ರೊಟ್ಟಿ. ಅದನ್ನು ಬಟ್ಟೆಯಲ್ಲಿ ಸುತ್ತಿ, ಶೇಂಗಾ ಚಟ್ನಿಯ ಬಟ್ಟಲು ಹಿಡಿದು ಹೊರಟಳು.

ಎದುರು ಮನೆಯ ಪಡಸಾಲೆಯಲ್ಲಿ ಆಗಲೇ ನಾಲ್ಕೈದು ಬುತ್ತಿಗಳಿದ್ದವು. ಅನಿತಾ ಕಂಬಕ್ಕೆ ಒರಗಿ ಕೂತಿದ್ದಳು.

"ಹಿತ್ತಲದಾಗ ಅದಾನ ನೋಡವಾ," ಎಂದಳು. "ಮೊನ್ನಿಯಿಂದ ಬರೀ ಚಾದ ಮ್ಯಾಲ ಅದಾನ. ಏನ ಕೊಟ್ರೂ ಒಲ್ಲೆ ಅಂತಾನ. ಅಂವಗ ಏನ ಸೇರ್ತೈತಿ ಅನ್ನೂದೂ ನಂಗ ಗೊತ್ತಿಲ್ಲ. ಎಲ್ಲಾ ನಮ್ಮತ್ತಿಗೇ ಗೊತ್ತಿತ್ತು." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿತ್ತಲಲ್ಲಿ ದ್ಯಾಮೇಶ ಆಯಿಯ ಊರುಗೋಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಅವನ ಕಣ್ಣು ಒಣಗಿದ್ದವು.

ತಬಸ್ಸುಮ ಬುತ್ತಿ ಬಿಚ್ಚಿಟ್ಟು ಎದುರಿಗೆ ಕೂತಳು. "ಉಣ್ಣು."

"ಒಲ್ಲೆ."

"ನೀ ಉಣ್ಣೂತನಕ ನಾ ಏಳಂಗಿಲ್ಲ."

"ಏಳಬ್ಯಾಡ. ನಂಗೇನು?"

ಇದು ಹೀಗಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಸಣ್ಣವ್ವ ಹೇಳಿದಾಗ ತಾನು ಉಂಡಿದ್ದಳಲ್ಲ! ಇರಲಿ ಎಂದು ಕೂತೇ ಇದ್ದಳು. ಬಿಸಿಲು ಕಾಲಿಗೆ ಬಂತು. ಚಟ್ನಿಗೆ ಇರುವೆ ಬಂದವು, ಊದಿ ಓಡಿಸಿದಳು. ಸಾಲೆಯ ಗಂಟೆಯೂ ಹೊಡೆಯಿತು.

"ಸಾಲಿಗೆ ಹೋಗು," ಎಂದ ದ್ಯಾಮೇಶ. "ಸರ್ ಹೊಡೀತಾರ."

"ಹೊಡೀಲಿ."

"ಇವತ್ತ ಟೆಸ್ಟ್ ಐತಿ."

"ಇರಲಿ."

ದ್ಯಾಮೇಶ ಬೇರೆ ಕಡೆ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಅವನ ಕಣ್ಣು ಬಿಚ್ಚಿದ ಬುತ್ತಿಯ ಮೇಲೆ ಬಿತ್ತು.

"ಏನದು?"

"ರೊಟ್ಟಿ."

"ರೊಟ್ಟಿ? ಚಪ್ಪಲಿ ಅಟ್ಟಿ ಇದ್ದಂಗ ಐತಿ! ಯಾರು ಬಡದಾರ?"

"ನಾ." ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. "ಮೂರು ಹರದ ಹೋದ್ವು ಗೊತ್ತೇನು? ಕೈ ಸುಟ್ಟೈತಿ ನೋಡಿಲ್ಲೆ!"

ದ್ಯಾಮೇಶ ರೊಟ್ಟಿಯ ಅಂಚು ಒತ್ತಿ ನೋಡಿದ. "ಎಸರು ಇಟ್ಟಿದ್ದಿಲ್ಲೇನು?"

"ಎಸರು ಅಂದ್ರ?"

"ನೀರು ಕುದಿಸಿ ಹಿಟ್ಟಿಗೆ ಹಾಕಬೇಕು. ಆಗ ಹಿಟ್ಟಿಗೆ ಜಿಗಿ ಬರ್ತೈತಿ. ತಣ್ಣೀರಾಗ ನಾದಿದ್ರ ಹರೀದ ಏನ ಮಾಡೀತು?" ಅವನು ಊರುಗೋಲನ್ನು ಗೋಡೆಗೆ ಒರಗಿಸಿ ಎದ್ದ. "ನಡಿ, ತೋರಸ್ತೀನಿ. ಇಲ್ಲೆ ಒಲಿ ಹಚ್ಚಂಗಿಲ್ಲ. ನಿಮ್ಮನಿಗೆ ಹೋಗೂಣು."

ತಬಸ್ಸುಮ ಬುತ್ತಿ ಕಟ್ಟಿಕೊಂಡು ಅವನ ಹಿಂದೆ ಓಡಿದಳು.

ಇಬ್ಬರನ್ನೂ ಕಂಡ ಸೈರಾಬಾನು ಒಲೆಗೆ ಎರಡು ಕಟ್ಟಿಗೆ ಸರಿಸಿ ಪಕ್ಕಕ್ಕೆ ಕೂತಳು. ದ್ಯಾಮೇಶ ನೀರು ಕುದಿಯುವ ತನಕ ಕಾದ. ಹಿಟ್ಟಿಗೆ ಸುರಿದು, ಕೈಗೆ ಊದಿಕೊಳ್ಳುತ್ತ ನಾದಿದ. ಆಮೇಲೆ ಉಂಡೆ ಮಾಡಿ ಬಡಿಯತೊಡಗಿದ. ಅವನ ಅಂಗೈ ಕೆಳಗೆ ರೊಟ್ಟಿ ಗರಗರ ತಿರುಗುತ್ತಿತ್ತು. ಹಂಚಿಗೆ ಹಾಕಿ, ನೀರು ಸವರಿ, ಮಗುಚಿ ಹಾಕಿದ. ರೊಟ್ಟಿ ಪುಗ್ಗೆಯಂತೆ ಉಬ್ಬಿತು.

ತಬಸ್ಸುಮ ಬಾಯಿ ತೆರೆದುಕೊಂಡು ನೋಡಿದಳು. "ಲೇ ದ್ಯಾಮ್ಯಾ, ನಿಂಗ ಇದೆಲ್ಲಾ ಹ್ಯಾಂಗ ಬರ್ತೈತಿ?"

"ಎರಡ ವರ್ಷ ಆತು, ಆಯಿ ಕೈ ನಡಗ್ತಿದ್ವು. ಆಕಿ ಹೇಳಾಕಿ, ನಾ ಬಡಿಯಾಂವ. ಸಾಲ್ಯಾಗ ಯಾರಿಗರ ಹೇಳಿದೀ ಅಂದ್ರ ನೋಡ ಮತ್ತ!"

ಅವಳು ಲೆಕ್ಕ ಹಾಕಿದಳು. ಎರಡು ವರ್ಷ. ದಾದಾ ತೀರಿಕೊಂಡಿದ್ದು ಹೋದ ವರ್ಷ.

"ಹಂಗಾರ ಆಯಿ ನಮ್ಮನಿಗೆ ತಂದಿದ್ಲಲ್ಲ, ಆ ರೊಟ್ಟಿ?"

"ನಾ ಬಡದಿದ್ದು." ದ್ಯಾಮೇಶ ಒಲೆಯನ್ನೇ ನೋಡುತ್ತ ಹೇಳಿದ. "ನೀ ಏನೂ ಉಣ್ಣವಲ್ಲಿ ಅಂತ ಆಯಿ ಹೇಳಿದ್ಲು. ತೆಳ್ಳಗ ಬಡಿಯೋ, ಆ ಹುಡುಗಿ ಗಂಟಲದಾಗ ಇಳೀಬೇಕು ಅಂದ್ಲು."

ತಬಸ್ಸುಮ ಹಂಚಿನ ಮೇಲಿನ ರೊಟ್ಟಿ ತೆಗೆದು, ಚಟ್ನಿ ಹಚ್ಚಿ, ಅವನ ಮುಂದೆ ಇಟ್ಟಳು.

ಈ ಸಲ ಅವನು ಒಲ್ಲೆ ಎನ್ನಲಿಲ್ಲ. ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡ. ಎರಡು ಸಲ ಅಗಿದು ನಿಲ್ಲಿಸಿಬಿಟ್ಟ.

"ಆಯಿ ರೊಟ್ಟಿ ಹಂಗ ಐತಿ," ಎಂದ. ಮಣ್ಣು ಕೊಡುವಾಗಲೂ ಅಳದವನು ಈಗ ಹೋ ಎಂದು ಅತ್ತ.

ಅಳಬೇಡ ಎಂದು ತಬಸ್ಸುಮ ಹೇಳಲಿಲ್ಲ. ಹೋದ ವರ್ಷ ಸಣ್ಣವ್ವನೂ ಅವಳಿಗೆ ಹಾಗೆ ಹೇಳಿರಲಿಲ್ಲ. ನೀರಿನ ತಂಬಿಗೆಯನ್ನು ಹತ್ತಿರ ಸರಿಸಿ ಪಕ್ಕದಲ್ಲಿ ಕೂತಳು.

ಅಳು ಇಳಿದ ಮೇಲೆ ದ್ಯಾಮೇಶ ರೊಟ್ಟಿಯನ್ನು ಪೂರ್ತಿ ಉಂಡ. ಆಮೇಲೆ ಕೇಳಿದ, "ಆಯಿ ಈಗ ಎಲ್ಲಿ ಅದಾಳ್ರಿ, ಚಾಚಿ?"

ಸೈರಾಬಾನು ಕಟ್ಟಿಗೆಯನ್ನು ಒಲೆಗೆ ಇನ್ನಷ್ಟು ಸರಿಸಿದಳು. "ಮ್ಯಾಲಿನವನಿಗೇ ಗೊತ್ತಪ್ಪ. ನಮ್ಮ ಮಾವ ಹೋದಾಗ ನಾನೂ ಭಾಳ ಮಂದಿನ್ನ ಕೇಳಿದೆ. ಖರೇ ಹೇಳ್ತೀನಿ, ಯಾರಿಗೂ ಗೊತ್ತಿದ್ದಿಲ್ಲ. ಹೋದವರ ಕಾಳಜಿ ಅವ ಮಾಡ್ತಾನ ಅಂತ ತಿಳಕೊಂಡೇನಿ. ಇದ್ದವರ ಕಾಳಜಿ ನಮಗ ಬಿಟ್ಟಾನ."

ದ್ಯಾಮೇಶ ಮೂಗು ಒರೆಸಿಕೊಂಡು ಬಾಗಿಲ ಕಡೆ ನೋಡಿದ. ಅಲ್ಲಿಂದ ಅವನ ಮನೆಯ ಪಡಸಾಲೆ ಕಾಣುತ್ತಿತ್ತು. ಅನಿತಾ ಇನ್ನೂ ಕಂಬಕ್ಕೆ ಒರಗಿಯೇ ಇದ್ದಳು.

"ನಮ್ಮವ್ವನೂ ಏನೂ ಉಂಡಿಲ್ಲ," ಎಂದ. ಕೈ ತೊಳೆದು ಬಂದು ಇನ್ನೊಂದು ಉಂಡೆ ಹಿಡಿದ.

ಆ ರೊಟ್ಟಿಯನ್ನು ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಚಟ್ನಿಯ ಬಟ್ಟಲು ಹಿಡಿದು ತಬಸ್ಸುಮಳೂ ಹಿಂದೆ ಹೋದಳು. ಹೊಸ್ತಿಲ ಹತ್ತಿರ ಬಂದವಳು ಅಲ್ಲೇ ನಿಂತಳು.

"ನಂಗ ಬ್ಯಾಡಪ್ಪಾ," ಎನ್ನುತ್ತಿದ್ದಳು ಅನಿತಾ. "ನೀ ಉಣ್ಣು, ಹೋಗು."

ದ್ಯಾಮೇಶ ಅವ್ವನ ಎದುರಿಗೆ ಕಾಲು ಮಡಚಿ ಕೂತ. ರೊಟ್ಟಿಯನ್ನು ಅವಳ ಮಡಿಲಲ್ಲಿ ಇಟ್ಟ.

"ನೀ ಉಣ್ಣೂತನಕ ನಾ ಏಳಂಗಿಲ್ಲ ನೋಡಬೇ."

ಅನಿತಾ ಬಟ್ಟೆ ಬಿಚ್ಚಿ ರೊಟ್ಟಿಯನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು. ಒಂದು ತುಣುಕು ಮುರಿದಳು.

ತಬಸ್ಸುಮ ಬಟ್ಟಲನ್ನು ಹೊಸ್ತಿಲ ಮೇಲೆ ಇಟ್ಟು ಸದ್ದಾಗದಂತೆ ತಿರುಗಿದಳು.

ಮನೆಯಲ್ಲಿ ಅವಳ ನಾಲ್ಕನೆಯ ರೊಟ್ಟಿ ಇನ್ನೂ ಬುತ್ತಿಯಲ್ಲೇ ಇತ್ತು. ಬೆಳಿಗ್ಗೆಯಿಂದ ತಾನೂ ಏನೂ ಉಂಡಿಲ್ಲ ಎಂದು ಈಗ ನೆನಪಾಯಿತು. ಒಲೆಯ ಮುಂದೆ ಕೂತು ಅದನ್ನು ಕಡಿದಳು. ನಿಜಕ್ಕೂ ಚಪ್ಪಲಿ ಅಟ್ಟೆಯೇ. ಆದರೂ ಪೂರ್ತಿ ಉಂಡಳು.

"ಅಮ್ಮಾ," ಎಂದಳು ಕೊನೆಯ ತುತ್ತು ನುಂಗಿ, "ನಾಳೆ ಎಸರು ಇಡೂದು ತೋರಸು. ಅವರ ಮನ್ಯಾಗ ಇನ್ನೂ ಒಲಿ ಹಚ್ಚಂಗಿಲ್ಲ."