ಕೂರಿಸಿ ಹಾಕಿದ ಸೂಜಿ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಕತ್ರಿಗುಪ್ಪೆಯ ಜಯಶೀಲಾ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಅವರ ಗಂಡ, ನಿವೃತ್ತ ಉಪನ್ಯಾಸಕ ಚನ್ನಬಸವಯ್ಯ, ಕತ್ತುನೋವಿಗೆಂದು ಜಯನಗರದ ಅಕ್ಯುಪಂಕ್ಚರ್ ಕೇಂದ್ರದಲ್ಲಿ ಹೆಗಲಿಗೆ ಸೂಜಿ ಹಾಕಿಸಿಕೊಂಡಿದ್ದರು. ಮನೆ ಮುಟ್ಟುವಷ್ಟರಲ್ಲಿ ಉಸಿರಾಟ ಕಷ್ಟವಾಯಿತು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡರು. ಸೂಜಿ ಶ್ವಾಸಕೋಶಕ್ಕೆ ತಗುಲಿರಬೇಕೆಂದು ವೈದ್ಯರು ಹೇಳಿದ್ದರು.

ಇನ್‌ಸ್ಪೆಕ್ಟರ್ ವಾರಿಜಾ ಎಫ್‌ಐಆರ್ ದಾಖಲಿಸಿಕೊಂಡರು.

"ಸೂಜಿ ಹಾಕಿದ್ದು ಯಾರು, ನೋಡಿದ್ರಾ ಅಮ್ಮ?"

"ಪರದೆ ಅಡ್ಡ ಇತ್ತು ಮೇಡಂ. ಇವರು ಸ್ಟೂಲ್ ಮೇಲೆ ಕೂತಿದ್ರು, ಕಾಲು ಮಾತ್ರ ಕಾಣ್ತಿತ್ತು. ಒಳಗೆ ಮೇಷ್ಟ್ರೂ ಇದ್ರು, ಆ ಹುಡುಗೀನೂ ಇದ್ಳು."

ಮೇಷ್ಟ್ರು ಎಂದರೆ ಕೇಂದ್ರ ಕಟ್ಟಿದ ಸೇತುರಾಮ. ಜಯನಗರದ ಅರ್ಧಕ್ಕರ್ಧ ಮಂಡಿನೋವು ಅವರ ಕೈಯಿಂದಲೇ ಇಳಿದದ್ದೆಂದು ಜನ ಹೇಳುತ್ತಿದ್ದರು. ಹುಡುಗಿ ಎಂದರೆ ಅವರ ಶಿಷ್ಯೆ ಶ್ವೇತಾ. ಗದಗದಿಂದ ಬಂದು ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡು, ಎರಡು ವರ್ಷದ ತರಬೇತಿ ಮುಗಿಸಿ, ಭಾನುವಾರದ ಮಾನ್ಯತಾ ಪರೀಕ್ಷೆಗೆ ಕಾದಿದ್ದಳು. ಚಿಕಿತ್ಸಕರ ಸಂಘ ಈ ವರ್ಷದಿಂದ ಆ ಪರೀಕ್ಷೆಯನ್ನು ಹೊಸಬರಿಗಷ್ಟೇ ಅಲ್ಲ, ತಲೆ ನರೆತ ಹಳಬರಿಗೂ ಕಡ್ಡಾಯ ಮಾಡಿತ್ತು. ಅದಾದ ಮೇಲೆ, ಪಾಸಾಗದವರು ಸೂಜಿ ಮುಟ್ಟುವಂತಿರಲಿಲ್ಲ.

ಮಧ್ಯಾಹ್ನ ಕೇಂದ್ರದಲ್ಲಿ ಪಂಚನಾಮೆ ನಡೆಯಿತು. ಬಳಸಿದ ಸೂಜಿಗಳ ಡಬ್ಬಿಗೆ ಸೀಲ್ ಬಿತ್ತು. ಯಾರೂ ಕೇಳುವ ಮೊದಲೇ ಶ್ವೇತಾ ಮುಂದೆ ಬಂದಳು.

"ನಾನ ಹಾಕೀನ್ರಿ ಮೇಡಂ. ಆಳಕ್ಕ ಹೋತು."

"ಕೇಸಾದ್ರೆ ಭಾನುವಾರ ಪರೀಕ್ಷೆಗೆ ಕೂರ್ಸಲ್ಲ. ಮುಂದೆಯೂ ಕೂರ್ಸಲ್ಲ. ಗೊತ್ತೇನಮ್ಮ?"

"ಗೊತ್ತೈತ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ವಾರಿಜಾ ಬೇಕಾದಷ್ಟು ಕಂಡಿದ್ದರು. ತಾನಾಗಿಯೇ ಹೆಗಲೊಡ್ಡಿ ಕುಂಬಳಕಾಯಿ ಹೊರುವವರು ಅಪರೂಪ. ಸೇತುರಾಮರು ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು, ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದರು. ಮೊಮ್ಮಗಳ ವಯಸ್ಸಿನ ಹುಡುಗಿಯ ಪರವಾಗಿ ಒಂದು ಮಾತೂ ಆಡದ ಆ ಮನುಷ್ಯನನ್ನು ಕಂಡು ವಾರಿಜಾಗೆ ಮೈಯೆಲ್ಲ ಉರಿಯಿತು.

ಬುಧವಾರ ಮರಣೋತ್ತರ ಪರೀಕ್ಷೆಯ ವರದಿ ಬಂತು. ಸೂಜಿ ಹೆಗಲ ಮೇಲಿಂದ ನೆಟ್ಟಗೆ ಕೆಳಕ್ಕಿಳಿದು ಶ್ವಾಸಕೋಶವನ್ನು ಚುಚ್ಚಿತ್ತು. ವಾರಿಜಾ ಹೆಡ್ ಕಾನ್‌ಸ್ಟೆಬಲ್ ನೀಲಕಂಠಪ್ಪನವರನ್ನು ಕರೆದುಕೊಂಡು ಮತ್ತೆ ಕೇಂದ್ರಕ್ಕೆ ಹೋದರು.

"ಹೇಗೆ ಹಾಕ್ದೆ, ಇವರ ಮೇಲೆ ತೋರ್ಸು. ಸೂಜಿ ಬೇಡ, ಬೆರಳಲ್ಲೇ ಸಾಕು."

ನೀಲಕಂಠಪ್ಪ ಸ್ಟೂಲಿನ ಕಡೆ ಹೆಜ್ಜೆ ಇಟ್ಟರು. ಶ್ವೇತಾ ಅವರ ತೋಳು ಹಿಡಿದು ತಡೆದಳು.

"ಅಲ್ಲಲ್ರಿ ಅಣ್ಣಾ, ಇಲ್ಲಿ ಮಂಚದ ಮ್ಯಾಲೆ. ಬೋರಲ ಮಲಗ್ರಿ."

ಅವರು ಮಲಗಿದರು. ಅವಳು ಎಡಗೈಯಿಂದ ಹೆಗಲಿನ ಮಾಂಸವನ್ನು ಚಿವುಟಿ ಮೇಲೆತ್ತಿ, ಬಲಗೈ ಬೆರಳನ್ನು ಓರೆಯಾಗಿ ತಾಗಿಸಿದಳು.

"ಯಾವಾಗ್ಲೂ ಹೀಗೇನಾ?"

"ಹೌದ್ರಿ. ಹೆಗಲಿಗೆ ಕೂರಿಸಿ ಹಾಕಬಾರ್ದು, ನೆಟ್ಟಗ ಚುಚ್ಚಬಾರ್ದು. ಕೆಳಗ ಶ್ವಾಸಕೋಶ ಇರ್ತೈತಿ. ಮೊದಲ್ನೇ ಪಾಠಾನ ಇದು."

"ಚನ್ನಬಸವಯ್ಯನವರು ಸ್ಟೂಲ್ ಮೇಲೆ ಕೂತಿದ್ರು, ಶ್ವೇತಾ."

ಹುಡುಗಿಯ ಕೈ ನೀಲಕಂಠಪ್ಪನವರ ಹೆಗಲ ಮೇಲೆಯೇ ಉಳಿಯಿತು. ಬಾಯಿ ಹೇಳಿದ ಸುಳ್ಳನ್ನು ಕಲಿತ ಕೈ ಒಪ್ಪಿರಲಿಲ್ಲ. ಅವಳು ಅಳತೊಡಗಿದಳು.

"ಸರ್ ಕೈ ತಪ್ಪೈತಿ ಅಂದ್ರ, ಅವ್ರ ಹತ್ರ ಕಲಿತವರನ್ನ ಯಾರು ನಂಬ್ತಾರ್ರಿ?"

"ಸಾಕು ಮಗು," ಎಂದರು ಅದೇ ಮೂಲೆಯ ಕುರ್ಚಿಯಲ್ಲಿದ್ದ ಸೇತುರಾಮ. ಶಾಲಿನೊಳಗಿಂದ ಬಲಗೈ ಹೊರತೆಗೆದು ವಾರಿಜಾ ಮುಂದೆ ಚಾಚಿದರು. ಕೈ ನಿಲ್ಲದೆ ನಡುಗುತ್ತಿತ್ತು. "ನಮ್ಮ ಕಾಲದಲ್ಲಿ ಕೂರಿಸೇ ಹಾಕ್ತಿದ್ವಿ. ಹಾಗೆ ಹಾಕ್ಬಾರ್ದು ಅಂತ ಇವಳಿಗೆ ಕಲಿಸ್ದೋನೂ ನಾನೇ."

"ಇವಳ ಬಾಳು ಹಾಳಾಗ್ತಿದ್ರೂ ನಿನ್ನೆಯಿಂದ ಸುಮ್ನಿದ್ರಲ್ಲ ಮೇಷ್ಟ್ರೇ!"

"ಕೈ ನಡುಗತ್ತೆ ಅನ್ನೋಕೆ ನಾಚಿಕೆ ಆಯ್ತು ಮೇಡಂ. ನಾಚಿಕೆ ಪಡಬೇಕಾದ್ದಕ್ಕೆ ಪಡ್ಲಿಲ್ಲ."

ಮಧ್ಯಾಹ್ನ ಮೂರೂ ನಲವತ್ತಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪದ ಮೇಲೆ ಸೇತುರಾಮರನ್ನು ಬಂಧಿಸಲಾಯಿತು. ಶ್ವೇತಾಳ ಹೇಳಿಕೆಯನ್ನು ಹೊಸದಾಗಿ ಬರೆದುಕೊಂಡ ವಾರಿಜಾ, ಸುಳ್ಳು ಹೇಳಿದ್ದಕ್ಕೆ ಚೆನ್ನಾಗಿ ಬೈದು, ಭಾನುವಾರ ಪರೀಕ್ಷೆಗೆ ತಪ್ಪದೆ ಹೋಗಬೇಕೆಂದು ಹೇಳಿ ಕಳಿಸಿದರು.

ಜೀಪಿನಲ್ಲಿ ಮುದುಕರು ತಾವಾಗಿಯೇ ಮಾತು ತೆಗೆದರು. ಕೈ ನಡುಕ ಶುರುವಾದ ಮೇಲೆ ಅವರು ಸೂಜಿಯನ್ನು ಶಿಷ್ಯರಿಗೇ ಬಿಟ್ಟಿದ್ದರು. ಭಾನುವಾರದ ಪರೀಕ್ಷೆ ಅವರಿಗೂ ಇತ್ತು. ಪರೀಕ್ಷಕನಾಗಿ ಬರುವವನು ಅವರಲ್ಲೇ ಕಲಿತವನು.

"ಅವನೆದುರು ಕೂರೋ ಮುಂಚೆ ಒಂದ್ಸಲ ನೋಡ್ಕೋಬೇಕು ಅನ್ನಿಸ್ತು, ಕೈ ಇನ್ನೂ ನನ್ನ ಮಾತು ಕೇಳತ್ತಾ ಅಂತ. ಶ್ವೇತಾ ಬೇಡ ಅಂದ್ಳು, ನಾನು ಕೇಳ್ಲಿಲ್ಲ."

"ಚನ್ನಬಸವಯ್ಯನವರಿಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಇಪ್ಪತ್ತು ವರ್ಷದ ಸ್ನೇಹ ನಮ್ದು. ಕೈ ನಡುಗೋದು ನೋಡಿಯೂ ಶರ್ಟ್ ಗುಂಡಿ ತಾವೇ ಬಿಚ್ಚಿ ಕೂತ್ರು. ನೀವು ಹೆದರ್ಬೇಡಿ ಮೇಷ್ಟ್ರೇ, ಹಾಕಿ ಅಂದ್ರು."